ಎಣ್ಣೆಯಿಲ್ಲದೆ ದೋಸೆ ಏಳಿಸುವ ಕಾವಲಿ ಯಾವುದು?

ದಾವಣಗೆರೆ ಬೆಣ್ಣೆ ದೋಸೆಯ ಊರು, ಪಕ್ಕದ ಚಳ್ಳಕೆರೆ ಶೇಂಗಾ ಎಣ್ಣೆಯ ಊರು. ಈ ಸೀಮೆಯಲ್ಲಿ ಡಾಕ್ಟರು ‘ಎಣ್ಣೆ ಬಿಡಿ’ ಅಂದ ಮರುದಿನವೇ ಕಾವಲಿಯ ಹಣೆಬರಹ ಗೊತ್ತಾಗುತ್ತದೆ: ದೋಸೆ ಏಳುವುದಿಲ್ಲ. ಒಂದು ಟೀ ಚಮಚ ಎಣ್ಣೆಗೆ ಸುಮಾರು 40 ಕ್ಯಾಲರಿ. ದೋಸೆಗೊಂದು ಚಮಚ ಎಂದರೂ ಮೂರು ದೋಸೆಗೆ 120. ಅದನ್ನು ಉಳಿಸಬೇಕಾದರೆ ಪಾತ್ರೆ ಸರಿಯಿರಬೇಕು.

26 ಸೆಂ.ಮೀ. ಬೀಡಿನ (ಎರಕದ ಕಬ್ಬಿಣದ) ಕಾವಲಿ, 24 ಸೆಂ.ಮೀ. ನಾನ್‌ಸ್ಟಿಕ್ ಪ್ಯಾನು, ಅದೇ ಅಳತೆಯ ಸೆರಾಮಿಕ್ ಲೇಪನದ ಪ್ಯಾನು, ಮೂರು ಪದರದ ಸ್ಟೀಲ್ ಪ್ಯಾನು. ಈ ನಾಲ್ಕನ್ನೂ ಒಂದೇ ಗ್ಯಾಸ್ ಒಲೆಯ ಮೇಲೆ, ಒಂದೇ ಹಿಟ್ಟಿನಿಂದ ನೋಡಿದ್ದು. ಮಾಡಿದ್ದು ಸೆಟ್ ದೋಸೆ, ಮೊಟ್ಟೆ, ಈರುಳ್ಳಿ ಬಾಡಿಸುವುದು, ಶೇಂಗಾ ಹುರಿಯುವುದು.

ದೋಸೆಗೆ ಬೀಡಿನ ಕಾವಲಿಯ ಸಮಕ್ಕೆ ಇನ್ನೊಂದಿಲ್ಲ, ಆದರೆ ಪಳಗಿದ ಮೇಲೆ. ಹೊಸದನ್ನು ಸೋಪು ಹಾಕಿ ತೊಳೆದು, ಸಣ್ಣ ಉರಿಯಲ್ಲಿ ಒಣಗಿಸಿ, ಅರ್ಧ ಚಮಚ ಶೇಂಗಾ ಎಣ್ಣೆ ಸವರಿ, ಆಮೇಲೆ ಎಣ್ಣೆಯೇ ಇಲ್ಲವೇನೋ ಅನ್ನಿಸುವಷ್ಟು ಬಟ್ಟೆಯಿಂದ ಒರೆಸಬೇಕು. ಹೊಗೆ ಏಳುವವರೆಗೆ ಕಾಯಿಸಿ, ಇನ್ನು 10 ನಿಮಿಷ ಹಾಗೇ ಬಿಟ್ಟು ಆರಿಸಿ. ಹೀಗೆ ನಾಲ್ಕೈದು ಸಲ. ಬಹಳ ಜನ ಕೆಡಿಸುವುದು ಎಣ್ಣೆ ದಪ್ಪಗೆ ಬಿಟ್ಟು. ಅದು ಗಟ್ಟಿ ಪದರವಾಗದೆ ಅಂಟಂಟು ಗೋಂದಾಗಿ ಉಳಿಯುತ್ತದೆ. ಮೊದಲ ಐದಾರು ದೋಸೆಗೆ ಸ್ವಲ್ಪ ಎಣ್ಣೆ ಬೇಕೇ ಬೇಕು. ಅಲ್ಲಿಂದಾಚೆಗೆ ಅರ್ಧ ಹೋಳು ಈರುಳ್ಳಿಯನ್ನು ನೀರಿಗೆ ಅದ್ದಿ ಉಜ್ಜಿದರೆ ಸಾಕು. ಚೊಯ್ ಅಂದು ನೀರು ಆರುತ್ತಲೇ ಹಿಟ್ಟು ಹುಯ್ದು, ಮುಚ್ಚಳ ಮುಚ್ಚಿ, ಅಂಚು ತಾನಾಗಿ ಬಿಡುವವರೆಗೆ ಕೈ ಹಾಕಬಾರದು. ಸಟುಗ ತಿರುಗಿಸುವಾಗ ಹಿಟ್ಟು ಸುರುಳಿ ಸುತ್ತಿ ಸಟುಗಕ್ಕೇ ಬಂತೆಂದರೆ ಕಾವು ಹೆಚ್ಚಾಗಿದೆ. ಮಗುಚುವಾಗ ತಳ ಹರಿದರೆ ಕಾವು ಸಾಲದು, ಇಲ್ಲವೇ ಹಿಟ್ಟು ಫ್ರಿಜ್ಜಿನಿಂದ ನೇರ ಬಂದಿದೆ. ಹಿಟ್ಟನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ.

ಈ ಕಾವಲಿಯ ಮೇಲೆ ರೊಟ್ಟಿ, ಚಪಾತಿ ಮಾತ್ರ ಬೇಡ. ಬರಿಗಾವಲಿಯನ್ನು ಜೋರು ಉರಿಯಲ್ಲಿ ಕಾಯಿಸಿದಾಗ ಪಳಗಿದ ಪದರ ಸುಟ್ಟುಹೋಗುತ್ತದೆ. ಮರುದಿನ ದೋಸೆ ಹಿಡಿಯಲು ಕಾರಣ ಇದೇ. ಹಿಂದಿನವರು ರೊಟ್ಟಿ ಹೆಂಚು ಬೇರೆ, ದೋಸೆ ಕಾವಲಿ ಬೇರೆ ಇಟ್ಟಿದ್ದು ಸುಮ್ಮನೆ ಅಲ್ಲ. ಟೊಮೆಟೊ, ಹುಣಸೆಹುಳಿಯೂ ಬೇಡ; ಹುಳಿ ಆ ಪದರವನ್ನು ಕಿತ್ತು ಅಡುಗೆಗೆ ಕಬ್ಬಿಣದ ರುಚಿ ಕೊಡುತ್ತದೆ. ಇನ್ನು ತೂಕ. ಮಣಿಕಟ್ಟು ನೋಯುವವರು ಒಂದೇ ಕೈಯಲ್ಲಿ ಎತ್ತಲಾರರು, ಇದನ್ನು ಒಪ್ಪಲೇಬೇಕು.

ಮೊಟ್ಟೆಗೆ ನಾನ್‌ಸ್ಟಿಕ್ ಗೆದ್ದಿತು, ಅದೂ ಸುಲಭವಾಗಿ. ಎಣ್ಣೆ ಒಂದು ಹನಿಯೂ ಇಲ್ಲದೆ ಆಮ್ಲೆಟ್ ತಟ್ಟೆಗೆ ಜಾರುತ್ತದೆ. ದೋಸೆಯೂ ಏಳುತ್ತದೆ, ಕೆಂಪು ಮಾತ್ರ ಕಮ್ಮಿ. ಆದರೆ ನುಣುಪಾದ ಪ್ಯಾನಿಗೆ ನೀರು ಚಿಮುಕಿಸಿ ತುಸು ತಣಿಸದಿದ್ದರೆ ಹಿಟ್ಟು ಹರಡದೆ ಜಾರಾಡುತ್ತದೆ. ಇದರ ಟೆಫ್ಲಾನ್ ಲೇಪನ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ. ಬರಿದಾದ ಪ್ಯಾನು ದೊಡ್ಡ ಬರ್ನರ್ ಮೇಲೆ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟಬಲ್ಲದು. ತೀರಾ ಕಾದಾಗ ಬರುವ ಹೊಗೆ ಸಾಕಿದ ಗಿಳಿಗಳನ್ನು ಕೊಲ್ಲುವಷ್ಟು ಕೆಟ್ಟದ್ದು. ಆದ್ದರಿಂದ ಶೇಂಗಾ, ಒಣಮೆಣಸಿನಕಾಯಿ ಹುರಿಯಲು ಇದನ್ನು ಮುಟ್ಟಬೇಡಿ. ಮರದ ಸಟುಗವನ್ನೇ ಬಳಸಿ, ಗೀರು ಬಿದ್ದು ಲೇಪನ ಏಳತೊಡಗಿದರೆ ಬದಲಿಸಿ.

ಸೆರಾಮಿಕ್ ಪ್ಯಾನನ್ನು ಹೊಗಳಲು ನಮಗೆ ಮನಸ್ಸಿಲ್ಲ. ಹೆಸರು ಸೆರಾಮಿಕ್ಕಾದರೂ ಒಳಗಿರುವುದು ಅಲ್ಯೂಮಿನಿಯಂ, ಮೇಲೆ ಸಿಲಿಕಾದ ತೆಳು ಲೇಪನ. ಹೊಸದರಲ್ಲಿ ಮೊಟ್ಟೆ ಚೆನ್ನಾಗಿಯೇ ಜಾರಿತು. ಕೆಲವು ತಿಂಗಳಾದ ಮೇಲೆ ನಡುಭಾಗದಲ್ಲೇ ಹಿಡಿಯತೊಡಗಿತು. ಚಿತ್ರದುರ್ಗದ ಕಡೆ ಬೋರ್‌ವೆಲ್ಲಿನ ಗಡಸು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಪೊರೆ ಕೂರುತ್ತದೆ, ಅದರ ಮೇಲೆ ಎಲ್ಲವೂ ಅಂಟುತ್ತದೆ. ತೊಳೆದ ಕೂಡಲೇ ಒರೆಸಿ. ಪೊರೆ ಕೂತಿದ್ದರೆ ನಿಂಬೆ ಹೋಳಿನಿಂದ ಉಜ್ಜಿ.

ಸ್ಟೀಲಿನಲ್ಲಿ ಎಣ್ಣೆಯಿಲ್ಲದೆ ಮೊಟ್ಟೆ ಹಾಕಿದರೆ ಕೆರೆದು ತೆಗೆಯುವ ಕೆಲಸವೇ. ದೋಸೆಯೂ ಅಷ್ಟೇ. ಆದರೆ ಒಗ್ಗರಣೆ ಎಣ್ಣೆ ಇಲ್ಲದೆ ಸಾರು, ಪಲ್ಯ ಮಾಡುವವರಿಗೆ ಇದರಷ್ಟು ಒಳ್ಳೆಯ ಪಾತ್ರೆ ಇಲ್ಲ. 2 ಈರುಳ್ಳಿ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಬಿಡಿ. ಐದಾರು ನಿಮಿಷಕ್ಕೆ ತಳದಲ್ಲಿ ಕಂದು ಪದರ ಹಿಡಿಯುತ್ತದೆ. ಆಗ 2 ಚಮಚ ನೀರು ಹಾಕಿ ಕೆರೆದರೆ ಅದೆಲ್ಲ ಈರುಳ್ಳಿಗೇ ಬರುತ್ತದೆ. ಮೂರು ಸಲ ಹೀಗೆ ಮಾಡಿದರೆ ಎಣ್ಣೆಯಲ್ಲಿ ಹುರಿದಷ್ಟೇ ಗಾಢ ಬಣ್ಣ. ನಾನ್‌ಸ್ಟಿಕ್‌ನಲ್ಲಿ ತಳ ಹಿಡಿಯದ ಕಾರಣ ಈ ರುಚಿ ಅಷ್ಟಾಗಿ ಬರುವುದಿಲ್ಲ.

ಶೇಂಗಾ ಬೀಡಿನಲ್ಲೂ ಸ್ಟೀಲಿನಲ್ಲೂ ಚೆನ್ನಾಗಿ ಹುರಿಯಿತು. ಬೀಡು ಕಾವು ಹಿಡಿದಿಡುವುದರಿಂದ ಒಲೆ ಆರಿಸಿದ ಮೇಲೂ ಕಾಳು ಸೀಯುತ್ತದೆ, ಕೂಡಲೇ ಮೊರಕ್ಕೆ ಸುರಿಯಿರಿ.

ಒಂದನ್ನೇ ಕೊಳ್ಳುವುದಾದರೆ: ದೋಸೆಯ ಮನೆಗೆ ಬೀಡು, ಮೊಟ್ಟೆಯ ಮನೆಗೆ ನಾನ್‌ಸ್ಟಿಕ್. ನಾನ್‌ಸ್ಟಿಕ್ ತಳ 3 ಮಿ.ಮೀ.ಗಿಂತ ತೆಳು ಬೇಡ, ಬಿಸಿಗೆ ಉಬ್ಬುತ್ತದೆ. ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟು ಅಂಚು ಒತ್ತಿ ನೋಡಿ. ಅಲುಗಾಡಿದರೆ ಅಲ್ಲೇ ಬಿಡಿ.