ಜಮ್ಮಾ ವಿನಾಯಿತಿ ಇದ್ದರೆ ಸಾಕು ಅಂದವನಿಗೆ ನಾನು ಕೊಟ್ಟಿದ್ದು 62 ಸಾವಿರ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಮನೆಯವಳು ಬೇಡ ಅಂದಳು, ಊರಿಡೀ ನಗ್ತದೆ ಅಂದಳು. ನಗಲಿ. ಕೊಡಗಿನಲ್ಲಿ ಕೋವಿ ಇರುವ ಮನೆಯವರು ಮೊದಲು ಓದಿ, ಆಮೇಲೆ ನಗಿ. ಹೊರಗಿನವರಿಗೆ ಒಂದು ಮಾತು: ಜಮ್ಮಾ ಅಂದರೆ ಕೊಡಗಿನ ವಂಶಪಾರಂಪರ್ಯದ ಜಮೀನು ಹಕ್ಕು. ಅದು ಇರುವವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು, ಅದೇ ಜಮ್ಮಾ ವಿನಾಯಿತಿ.

ತೋಟೆ (ಕೋವಿಯ ಕಾರ್ಟ್ರಿಜ್) ತುಂಬುವ ಮೆಷಿನ್, ಅಂದರೆ ಖಾಲಿ ತೋಟೆಗೆ ಮತ್ತೆ ಮದ್ದುಗುಂಡು ತುಂಬುವ ಮೆಷಿನ್ ತೋರಿಸಿ ಒಬ್ಬ ನನಗೆ ಟೋಪಿ ಹಾಕಿದ್ದಾನೆ. 62 ಸಾವಿರ. ಮೆಣಸು ಮಾರಿದ ದುಡ್ಡು. ದುಡ್ಡು ಹೋದದ್ದಕ್ಕಿಂತ, ಅವನು ಹೇಳಿದ್ದಕ್ಕೆಲ್ಲ ಹೂಂ ಅಂದೆನಲ್ಲ, ಅದು ಉರಿಯುತ್ತದೆ.

ಮಗ ಟೆಕ್ಸಾಸಿನಲ್ಲಿದ್ದಾನೆ. ಎರಡು ಸಲ ಹೋಗಿ ಇದ್ದು ಬಂದಿದ್ದೇನೆ. ಅಲ್ಲಿ ಮನೆಯಲ್ಲಿ ತೋಟೆ ತುಂಬುವುದು ಹವ್ಯಾಸ, ನಾವು ಮನೆಯಲ್ಲಿ ವೈನ್ ಮಾಡುವ ಹಾಗೆ. ಅವನ ಗ್ಯಾರೇಜಿನಲ್ಲಿ ರೈಫಲ್ ತೋಟೆಯ ಸಿಂಗಲ್ ಸ್ಟೇಜ್ ಪ್ರೆಸ್ ಇದೆ. ಒಂದು ಸಲಕ್ಕೆ ಒಂದೇ ಡೈ (ಒತ್ತುವ ಅಚ್ಚು), ಒಂದೇ ಕೆಲಸ. ಐವತ್ತು ಖಾಲಿ ಹಿತ್ತಾಳೆ ಕೇಸನ್ನು ಒಂದೊಂದಾಗಿ ಒತ್ತಬೇಕು, ಡೈ ಬಿಚ್ಚಿ ಇನ್ನೊಂದು ಹಾಕಬೇಕು, ಮತ್ತೆ ಅದೇ ಐವತ್ತು. ಒಂದು ಸಂಜೆ ಪೂರ್ತಿ ಹೋಗುತ್ತದೆ. ಅವನ ಸ್ನೇಹಿತನ ಮನೆಯಲ್ಲಿ ಪ್ರೋಗ್ರೆಸಿವ್ ಅನ್ನುವ ಥರದ ಪ್ರೆಸ್ ನೋಡಿದೆ. ತಟ್ಟೆ ತಿರುಗುತ್ತದೆ, ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ ಒಟ್ಟಿಗೇ ನಡೆಯುತ್ತದೆ, ಹಿಡಿ ಎಳೆದಾಗಲೆಲ್ಲ ಒಂದು ತೋಟೆ ತಯಾರಾಗಿ ಡಬ್ಬಕ್ಕೆ ಬೀಳುತ್ತದೆ. ಟಕ್, ಟಕ್. ಅಷ್ಟೇ, ಅದು ತಲೆಯಲ್ಲಿ ಕೂತುಬಿಟ್ಟಿತು.

ಮಗ ಆಗಲೇ ಹೇಳಿದ್ದ. "ಅಪ್ಪ, ಇದರಲ್ಲಿ ವೇಗ ಜಾಸ್ತಿ, ತಪ್ಪೂ ಅಷ್ಟೇ ವೇಗ. ಒಂದಕ್ಕೆ ಮದ್ದು ಬೀಳದೆ ಹೋದರೆ ಗೊತ್ತೇ ಆಗಲ್ಲ. ಬುಲೆಟ್ ನಳಿಗೆಯಲ್ಲೇ ಸಿಕ್ಕಿಕೊಳ್ತದೆ, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡೀತದೆ." ನಾನು ಹೂಂ ಅಂದೆ. ನನ್ನ ಕಣ್ಣು ತಟ್ಟೆಯ ಮೇಲಿತ್ತು.

ಊರಿಗೆ ಬಂದ ಮೇಲೆ ಪರಿಚಯದವರ ಮೂಲಕ ಈ ಮನುಷ್ಯನ ನಂಬರ್ ಸಿಕ್ಕಿತು. ಮೈಸೂರಿನ ಕಡೆಯವನು. 12 ಬೋರಿನ ಕೋವಿ ತೋಟೆಯದು, ಮೆಕ್ ಕಂಪನಿಯ ಪ್ರೋಗ್ರೆಸಿವ್, ಸೆಕೆಂಡ್ ಹ್ಯಾಂಡ್ ಅಂದ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಹೊಡೆಯುವ ಪೈಪೋಟಿ ಇರುತ್ತದಲ್ಲ, ಅಭ್ಯಾಸಕ್ಕೇ ಎಷ್ಟು ತೋಟೆ ಖರ್ಚಾಗ್ತದೆ ಅಂತ ನಿಮಗೇ ಗೊತ್ತು. ಒಂದು ವಿಡಿಯೋ ಕಳಿಸಿದ. ತಟ್ಟೆ ತಿರುಗುತ್ತಿದೆ, ತೋಟೆ ಬೀಳುತ್ತಿದೆ. ಟಕ್, ಟಕ್. ನಾನು ಹಳ್ಳಕ್ಕೆ ಬಿದ್ದೆ.

ಕೇಳಲೇ ಇಲ್ಲ ಅಂತ ಅಲ್ಲ. "ಲೈಸೆನ್ಸ್ ಬೇಡ್ವಾ ಇದಕ್ಕೆ?" ಅಂತ ಕೇಳಿದೆ. ಅವನ ಉತ್ತರ ಇನ್ನೂ ಫೋನಿನಲ್ಲಿದೆ: "ನೀವು ಕೊಡಗಿನವರು ಸಾರ್, ಜಮ್ಮಾ ಅಲ್ವಾ? ನಿಮಗೆ ಎಲ್ಲ ವಿನಾಯಿತಿ. ವಿನಾಯಿತಿ ಸರ್ಟಿಫಿಕೇಟ್ ಫೋಟೊ ಒಂದು ಕಳಿಸಿ, ಸುಮ್ನೆ ಫಾರ್ಮಾಲಿಟಿಗೆ." ಹೆಮ್ಮೆಯಿಂದ ಕಳಿಸಿದೆ. ಹೆಮ್ಮೆಯಿಂದ! 1861ರಿಂದ ನಮಗಿರುವ ವಿನಾಯಿತಿ ಅಂತ ಅವನಿಗೆ ಪಾಠ ಬೇರೆ ಮಾಡಿದೆ.

ಜುಲೈ ಮಳೆಯಲ್ಲಿ ಬಸ್ಸಿನ ಪಾರ್ಸೆಲ್ ಬಂತು. ಜಗಲಿಯಲ್ಲೇ ಬಿಚ್ಚಿದೆ. ಮೇಲೆ ಎರಡು ಬಾಟಲಿ, ಒಂದು ಮದ್ದಿಗೆ, ಒಂದು ಚರೆಗೆ (ಸಣ್ಣ ಸೀಸದ ಗುಂಡುಗಳಿಗೆ). ಫೋಟೊದಲ್ಲಿ ಕಂಡದ್ದೂ ಅದೇ. ಕೆಳಗೆ ನೋಡಿದರೆ ತಟ್ಟೆ ಇಲ್ಲ. ತಿರುಗುವ ಭಾಗವೇ ಇಲ್ಲ. ಐದು ಜಾಗ ಇದೆ, ಆದರೆ ಒಂದು ಖಾಲಿ ತೋಟೆಯನ್ನು ಕೈಯಲ್ಲೇ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ಹಿಡಿಯನ್ನು ಮೂರು ನಾಲ್ಕು ಸಲ ಸುಮ್ನೆ ಎಳೆದೆ. ಏನಾದರೂ ತಿರುಗಬಹುದು ಅಂತ ಇರಬೇಕು. ಕಿರ್ ಅಂತ ತುಕ್ಕಿನ ಸದ್ದು ಬಂತು, ಅಷ್ಟೇ.

ಮಗನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ನೋಡಿದವನೇ ನಕ್ಕ. "ಅಪ್ಪ, ಇದು ಮೆಕ್ 600 ಜೂನಿಯರ್. ಸಿಂಗಲ್ ಸ್ಟೇಜ್." ಆಮೇಲೆ ನಗು ನಿಲ್ಲಿಸಿ, "ಅಲ್ಲ, ಇದನ್ನು ಅಲ್ಲಿ ಯಾಕೆ ತಗೊಂಡಿರಿ?" ಅಂದ.

ಒಂದು ಮಾತು. ಆ ಮೆಷಿನ್ ಕೆಟ್ಟದ್ದಲ್ಲ, ಅಮೆರಿಕದಲ್ಲಿ ಜನ ಅದನ್ನು ಇಷ್ಟಪಟ್ಟೇ ಇಟ್ಟುಕೊಳ್ಳುತ್ತಾರೆ. ಆದರೆ ಅದು ಪ್ರೋಗ್ರೆಸಿವ್ ಅಲ್ಲ, ಅಲ್ಲ, ಅಲ್ಲ.

ಮಾರಿದವನಿಗೆ ಫೋನ್ ಮಾಡಿದೆ. "ಐದು ಸ್ಟೇಷನ್ ಇದೆಯಲ್ಲ ಸಾರ್, ಅದನ್ನೇ ಪ್ರೋಗ್ರೆಸಿವ್ ಅನ್ನೋದು." ವಿಡಿಯೋದಲ್ಲಿ ತಿರುಗುತ್ತಿತ್ತಲ್ಲ ಅಂದೆ. "ಅದು ಸ್ಯಾಂಪಲ್ ವಿಡಿಯೋ." ದುಡ್ಡು ವಾಪಸ್ ಕೊಡಿ ಅಂದೆ. "ಮಾರಿದ ಮಾಲು ವಾಪಸ್ ತಗೊಳಲ್ಲ." ಪೊಲೀಸರಿಗೆ ಹೇಳ್ತೇನೆ ಅಂದೆ. ಆಗ ದನಿಯೇ ಬದಲಾಯಿತು, ತಣ್ಣಗೆ ಹೇಳಿದ. "ಹೇಳಿ ಸಾರ್. ತೋಟೆ ಮಾಡೋ ಮೆಷಿನ್ ಯಾಕೆ ತಗೊಂಡ್ರಿ ಅಂತ ಮೊದಲು ನಿಮ್ಮನ್ನೇ ಕೇಳ್ತಾರೆ."

ಆ ಗಳಿಗೆಯಲ್ಲಿ ಗೊತ್ತಾಯಿತು. ಇವನು ಮಾರಿದ್ದು ಮೆಷಿನ್ ಅಲ್ಲ. ದೂರು ಕೊಡಲು ಆಗದಂಥ ಗಿರಾಕಿಯನ್ನು ಹುಡುಕಿಯೇ ಹಿಡಿದಿದ್ದಾನೆ.

ಮಡಿಕೇರಿಯಲ್ಲಿ ನನ್ನ ಹೆಂಡತಿಯ ತಮ್ಮ ವಕೀಲ. ಅವನ ಮುಂದೆ ಕೂತು ಎಲ್ಲ ಹೇಳಿದೆ. ತಲೆ ಮೇಲೆ ಕೈ ಇಟ್ಟುಕೊಂಡ. "ಭಾವ, ನಮ್ಮ ವಿನಾಯಿತಿ ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್ನಿಗೆ. ಕೋವಿ ಇಟ್ಟುಕೊಳ್ಳೋದು, ಹಿಡ್ಕೊಂಡು ಓಡಾಡೋದು. ಅಷ್ಟೇ. ತೋಟೆ ತಯಾರು ಮಾಡೋದು 5ನೇ ಸೆಕ್ಷನ್. ಅದಕ್ಕೆ ಲೈಸೆನ್ಸ್ ಬೇಕು. ಇಲ್ಲದೆ ಮಾಡಿದರೆ 2019ರ ತಿದ್ದುಪಡಿ ಆದ ಮೇಲೆ ಕಡಿಮೆ ಅಂದರೆ ಏಳು ವರ್ಷ, ಜಾಸ್ತಿ ಅಂದರೆ ಜೀವಾವಧಿ." ನನ್ನ ಬಾಯಿ ಒಣಗಿತು. ಅದೇ 2019ರಲ್ಲಿ ನಮ್ಮ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದಾಗ ಹಬ್ಬ ಮಾಡಿದವನು ನಾನು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದಾಗಲೂ ಅಷ್ಟೇ. ಅದರಲ್ಲಿ ಏನಿದೆ, ಏನಿಲ್ಲ ಅಂತ ಒಂದು ದಿನ ಓದಿ ನೋಡಲಿಲ್ಲ.

ಒಂದೇ ಒಂದು ತೋಟೆಯನ್ನೂ ನಾನು ತುಂಬಿಲ್ಲ, ಮದ್ದು ತಂದೇ ಇಲ್ಲ. ಭಾವಮೈದನ ಅದನ್ನೇ ಮೂರು ಸಲ ಕೇಳಿದ. ಆಮೇಲೆ, ನಾವೇ ಮೊದಲು ಹೋಗಿ ಬರೆದು ಕೊಡೋಣ, ಅವನು ಬೇರೆ ಕಥೆ ಕಟ್ಟುವ ಮೊದಲು ಅಂದ. ಹೋದೆವು. ನಾಲ್ಕು ಪುಟದ ದೂರು. ಮೆಷಿನ್ ಈಗ ಠಾಣೆಯಲ್ಲಿದೆ. ಎಸ್ಟೇಟ್ ಜೀಪಿನಿಂದ ಅದನ್ನು ಇಳಿಸುವಾಗ ಪೇದೆ, "ಇದೇನು ಸಾರ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರಾ?" ಅಂದ. ಅಂಥ ಹೊತ್ತಲ್ಲೂ ನಗು ಬಂತು.

ನಿಮಗೂ ಈ ಥರ ಯಾರಾದರೂ ಫೋನ್ ಮಾಡಿದರೆ, "ಜಮ್ಮಾ ಇದ್ದರೆ ಸಾಕು" ಅಂದ ಕೂಡಲೇ ಫೋನ್ ಇಟ್ಟುಬಿಡಿ. ತೋಟೆ ಬೇಕಾದರೆ ಅಂಗಡಿಗೆ ಹೋಗಿ, ಬಿಲ್ ತಗೊಳ್ಳಿ, ದುಬಾರಿಯಾದರೆ ಆಗಲಿ. ಸರ್ಟಿಫಿಕೇಟಿನ ಫೋಟೊ ಮಾತ್ರ ಯಾರಿಗೂ, ಯಾರಿಗೂ ಕಳಿಸಬೇಡಿ.

ದೂರು ಕೊಟ್ಟ ರಾತ್ರಿ ಅವನಿಂದ ಒಂದು ಮೆಸೇಜ್ ಬಂತು. ಬೈಗುಳ ಇಲ್ಲ, ಬರಹವೂ ಇಲ್ಲ. ನಾನು ಕಳಿಸಿದ್ದ ಸರ್ಟಿಫಿಕೇಟನ್ನೇ ನನಗೆ ವಾಪಸ್ ಕಳಿಸಿದ್ದಾನೆ. ನನ್ನ ಹೆಸರು, ಮನೆ ವಿಳಾಸ, ಕೋವಿಯ ನಂಬರ್, ಎಲ್ಲ ಇದೆ. ಅದಾದ ಮೇಲೆ ಅವನ ಫೋನ್ ಸ್ವಿಚ್ ಆಫ್.