ಒಂದೇ ರಾತ್ರಿಯಲ್ಲಿ ಮುದಿಯಾದ ಫೋನು

ಫೋನಿನ ವಿಮರ್ಶೆಗಳೆಲ್ಲ ಸಾಮಾನ್ಯವಾಗಿ ಡಬ್ಬಿ ಬಿಚ್ಚಿದ ವಾರದೊಳಗೆ ಬರೆದಂಥವು. ನಾನು ಎರಡು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಅದೂ ಫೋನಿಗಿಂತ ಹೆಚ್ಚಾಗಿ, ಅದಕ್ಕೆ ಕಂಪನಿಯವರು ಕಳಿಸಿದ ಒಂದು ಅಪ್‌ಡೇಟ್‌ನ ಬಗ್ಗೆ. 2023ರ ಜೂನ್‌ನಲ್ಲಿ 14,499 ರೂಪಾಯಿ ಕೊಟ್ಟು ತಂದ ಫೋನು ಇದು: 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್, 5000 ಎಂಎಎಚ್ ಬ್ಯಾಟರಿ, ಬರುವಾಗ ಆಂಡ್ರಾಯ್ಡ್ 13. ಎರಡು ಹೊಸ ಆಂಡ್ರಾಯ್ಡ್ ಆವೃತ್ತಿಗಳನ್ನೂ ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನೂ ಕೊಡುತ್ತೇವೆಂದು ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿತ್ತು. ಅದೇ ಬೆಲೆಗೆ ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಇರುವ ಬೇರೆ ಫೋನು ಸಿಗುತ್ತಿದ್ದರೂ ಆ ಮಾತನ್ನು ನಂಬಿಯೇ ಇದನ್ನು ಆರಿಸಿದೆ. ಹಾಗಾಗಿ ಅಪ್‌ಡೇಟ್ ಎಂಬುದು ಕಂಪನಿ ಪುಕ್ಕಟೆ ಕೊಟ್ಟ ಉಡುಗೊರೆಯಲ್ಲ, ನಾನು ಹಣ ತೆತ್ತು ಕೊಂಡ ಸರಕಿನ ಒಂದು ಭಾಗ ಎಂದೇ ತಿಳಿದು ಅದನ್ನು ತೂಗುತ್ತಿದ್ದೇನೆ. ಫೋನಿಗೆ ನಾಲ್ಕು ನಕ್ಷತ್ರ ಕೊಡಬಲ್ಲೆ, ಅಪ್‌ಡೇಟ್‌ಗೆ ಒಂದೇ. ಕಂಪನಿಯ ಹೆಸರನ್ನು ಹೇಳಿ ಜಗಳ ತೆಗೆಯುವ ಉದ್ದೇಶ ನನಗಿಲ್ಲ.

ತಿಪಟೂರಿನಲ್ಲಿ ನನ್ನದು ಝೆರಾಕ್ಸ್ ತೆಗೆಯುವ, ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ. ಗಿರಾಕಿಗಳು ಪಹಣಿ, ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ಪಿಡಿಎಫ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ನಾನು ಅವನ್ನು ತೆರೆದು ನೋಡಿ ಪ್ರಿಂಟರಿಗೆ ಕೊಡುತ್ತೇನೆ. ಹಣ ಯುಪಿಐಯಲ್ಲಿ ಬರುತ್ತದೆ. ದಿನಕ್ಕೆ ನೂರಾರು ಬಾರಿ ನಡೆಯುವ ಈ ಕೆಲಸದಲ್ಲಿ ಒಂದೊಂದು ಸಲಕ್ಕೂ ಐದು ಸೆಕೆಂಡು ಹೆಚ್ಚಾದರೆ ಕೌಂಟರಿನ ಮುಂದೆ ಸಾಲು ನಿಲ್ಲುತ್ತದೆ. ಆಂಡ್ರಾಯ್ಡ್ 14ರ ಅಪ್‌ಡೇಟ್ ಬಂದಾಗ ಯಾವ ತೊಂದರೆಯೂ ಆಗಿರಲಿಲ್ಲ. 2025ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ 15ರ ಸೂಚನೆ ಬಂದಾಗ ಅದೇ ಧೈರ್ಯದಿಂದ, ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೆ, ವೈಫೈಯಲ್ಲಿ 3.4 ಜಿಬಿ ಇಳಿಸಿಕೊಂಡು ಚಾರ್ಜಿಗೆ ಹಾಕಿ ಮಲಗಿದೆ.

ಮೊದಲ ಎರಡು ಮೂರು ದಿನ ಫೋನು ಬಿಸಿಯಾಗುವುದು, ತಡವರಿಸುವುದು ಸಹಜವೆಂದು ನನಗೆ ಗೊತ್ತಿತ್ತು. ಹೊಸ ಆವೃತ್ತಿ ಬಂದಾಗ ಆಂಡ್ರಾಯ್ಡ್ ಪ್ರತಿಯೊಂದು ಆ್ಯಪ್‌ನ ಕೋಡನ್ನೂ ಆ ಆವೃತ್ತಿಗೆ ಹೊಂದುವಂತೆ ಮತ್ತೆ ಸಿದ್ಧಪಡಿಸಿಕೊಳ್ಳುತ್ತದೆ. ಗ್ಯಾಲರಿಯ ಆ್ಯಪ್ ಚಿತ್ರಗಳನ್ನೆಲ್ಲ ಮತ್ತೊಮ್ಮೆ ಪಟ್ಟಿ ಮಾಡಿಕೊಳ್ಳುತ್ತದೆ. ಇವೆಲ್ಲ ಹಿನ್ನೆಲೆಯಲ್ಲಿ, ಹೆಚ್ಚಾಗಿ ಫೋನು ಚಾರ್ಜಿನಲ್ಲಿ ಸುಮ್ಮನಿರುವಾಗ ನಡೆಯುತ್ತವೆ. ಆದ್ದರಿಂದ ಒಂದು ವಾರ ಬಾಯಿ ಮುಚ್ಚಿಕೊಂಡು ಕಾದೆ. ಎರಡನೇ ವಾರವೂ ಕಳೆದ ಮೇಲೆ ಕಾಯುವುದಕ್ಕೆ ಅರ್ಥವಿಲ್ಲವೆನಿಸಿತು.

ಕಷ್ಟಗಳಲ್ಲಿ ಮೊದಲನೆಯದು ಮರೆವು. ವಾಟ್ಸಾಪ್‌ನಿಂದ ಯುಪಿಐ ಆ್ಯಪ್‌ಗೆ ಹೋಗಿ ಹಿಂದಿರುಗಿದರೆ ವಾಟ್ಸಾಪ್ ತಾನು ಯಾರ ಸಂದೇಶದಲ್ಲಿದ್ದೆನೆಂಬುದನ್ನೇ ಮರೆತು ಮೊದಲಿನಿಂದ ತೆರೆದುಕೊಳ್ಳುತ್ತಿತ್ತು. ಹಳೆಯ ಆವೃತ್ತಿಯಲ್ಲಿ ಸುಮ್ಮನಿರುವಾಗ 2.5 ಜಿಬಿಯಷ್ಟು ರ‍್ಯಾಮ್ ಖಾಲಿ ಇರುತ್ತಿದ್ದ ಫೋನಿನಲ್ಲಿ ಈಗ ಒಂದೂವರೆ ಜಿಬಿಯೂ ಉಳಿಯುತ್ತಿರಲಿಲ್ಲ. ಜಾಗ ಸಾಲದೆ ವ್ಯವಸ್ಥೆಯು ಹಿನ್ನೆಲೆಯ ಆ್ಯಪ್‌ಗಳನ್ನು ಒಂದೊಂದಾಗಿ ಹೊರಹಾಕುತ್ತಿತ್ತು. ಸ್ಟೋರೇಜಿನ ಒಂದು ಭಾಗವನ್ನೇ ರ‍್ಯಾಮ್‌ನಂತೆ ಬಳಸುವ ‘ಹೆಚ್ಚುವರಿ ರ‍್ಯಾಮ್’ ಸೌಲಭ್ಯವನ್ನು ಅಪ್‌ಡೇಟ್ ತಾನಾಗಿಯೇ ಚಾಲೂ ಮಾಡಿತ್ತು. ಈ ಫೋನಿನ ಸ್ಟೋರೇಜ್ ಇಎಂಎಂಸಿ ಮಾದರಿಯದು. ಯುಎಫ್‌ಎಸ್ ಮಾದರಿಯದಾದರೆ ಓದುವುದನ್ನೂ ಬರೆಯುವುದನ್ನೂ ಒಟ್ಟಿಗೆ ಮಾಡಬಲ್ಲದು, ಇದು ಒಂದಾದ ಮೇಲೆ ಒಂದನ್ನಷ್ಟೇ ಮಾಡುತ್ತದೆ. ಇಂಥದ್ದರ ಮೇಲೆ ರ‍್ಯಾಮ್‌ನ ಕೆಲಸವನ್ನೂ ಹೇರಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಅದನ್ನು ಆಫ್ ಮಾಡಿದ ಮೇಲೆ ತಡವರಿಕೆ ಸ್ವಲ್ಪ ಕಡಿಮೆಯಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಎರಡನೆಯದು ಹಣದ ವಿಷಯ. ಯುಪಿಐಯಲ್ಲಿ ಹಣ ಬಂದದ್ದರ ಸೂಚನೆ ಕೆಲವೊಮ್ಮೆ ಇಪ್ಪತ್ತು ನಿಮಿಷ ತಡವಾಗಿ, ನಾನು ಫೋನನ್ನು ಕೈಗೆತ್ತಿಕೊಂಡ ಮೇಲೆ ಬರುತ್ತಿತ್ತು. “ಹಾಕಿದೀನಿ ನೋಡಿ ಅಣ್ಣ” ಎನ್ನುವ ಗಿರಾಕಿಯ ಮುಖವನ್ನೂ ನನ್ನ ಖಾಲಿ ಪರದೆಯನ್ನೂ ಮತ್ತೆ ಮತ್ತೆ ನೋಡುತ್ತ ನಿಂತ ಗಳಿಗೆಗಳು ಸುಖದವಲ್ಲ. ಇದರ ಕಾರಣ ಹುಡುಕಲು ನನಗೆ ಹತ್ತು ದಿನ ಹಿಡಿಯಿತು. ಪ್ರತಿ ಆ್ಯಪ್‌ಗೂ ಬ್ಯಾಟರಿಯ ಬಳಕೆಗೆ ಮಿತಿ ಹಾಕುವ ಒಂದು ಸೆಟ್ಟಿಂಗ್ ಇದೆ; ಅದನ್ನು ನಾನು ಯುಪಿಐ ಮತ್ತು ಎಸ್‌ಎಂಎಸ್ ಆ್ಯಪ್‌ಗಳಿಗೆ ‘ಅನ್‌ರಿಸ್ಟ್ರಿಕ್ಟೆಡ್’ ಎಂದು ಇಟ್ಟಿದ್ದೆ. ಅಪ್‌ಡೇಟ್ ಅದನ್ನು ನನ್ನನ್ನು ಕೇಳದೆ ಮೊದಲಿನ ಸ್ಥಿತಿಗೆ ತಂದಿತ್ತು. ಮತ್ತೆ ಬದಲಾಯಿಸಿದ ಮೇಲೆ ಸೂಚನೆಗಳು ಹೊತ್ತಿಗೆ ಸರಿಯಾಗಿ ಬರತೊಡಗಿದವು. ಇದೇ ಫಜೀತಿಯಲ್ಲಿರುವವರು ಮೊದಲು ಆ ಜಾಗವನ್ನು ನೋಡುವುದು ಒಳ್ಳೆಯದು. ನಾನು ಮಾಡಿಕೊಂಡಿದ್ದ ಆಯ್ಕೆಗಳನ್ನು ಅಳಿಸಿದ ಅದೇ ಅಪ್‌ಡೇಟ್ ಕೇಳದ ಐದು ಹೊಸ ಆ್ಯಪ್‌ಗಳನ್ನೂ ಲಾಕ್ ಪರದೆಯ ಮೇಲೆ ಜಾಹೀರಾತನ್ನೂ ತಂದು ಕೂರಿಸಿತ್ತು ಎಂಬುದನ್ನು ಮಾತ್ರ ಮರೆವೆನ್ನಲು ಮನಸ್ಸು ಒಪ್ಪುವುದಿಲ್ಲ.

ಕನ್ನಡಕ್ಕೆ ಆದ ತೊಂದರೆಯನ್ನು ಬೇರೆಯಾಗಿಯೇ ಹೇಳಬೇಕು. ಹೊಸ ಆವೃತ್ತಿಯಲ್ಲಿ ನೋಟಿಫಿಕೇಶನ್‌ಗಳ ಸಾಲುಗಳನ್ನು ಒತ್ತಾಗಿ ಜೋಡಿಸಿ ಅಂದ ಮಾಡಿದ್ದಾರೆ. ಇಂಗ್ಲಿಷಿಗೆ ಅದರಿಂದ ಏನೂ ಆಗಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಅವುಗಳ ಕಾಲು ಪೂರ್ತಿ ಕತ್ತರಿಸಿಹೋಗುತ್ತದೆ: ‘ಪುಟ್ಟಣ್ಣ’ ಎಂಬ ಹೆಸರು ‘ಪುಟಣ’ ಆಯಿತು, ‘ಲಕ್ಷ್ಮಮ್ಮ’ ‘ಲಕಮ’ ಆದಳು. ಒಬ್ಬರ ಅರ್ಜಿಯ ಬಗ್ಗೆ ಬಂದ ಸಂದೇಶವನ್ನು ಇನ್ನೊಬ್ಬರದೆಂದು ತಿಳಿದು ಒಮ್ಮೆ ಎಡವಿಯೂ ಇದ್ದೇನೆ. ಕೀಬೋರ್ಡಿನ ಕಥೆಯೂ ಹೀಗೆಯೇ. ‘ಸ್ವೀಕರಿಸಿದ್ದೇನೆ’ ಎಂದು ಹೊಡೆದರೆ ಮೊದಲ ಕ್ಷಣ ಪರದೆ ಖಾಲಿ. ಬಂದಿಲ್ಲವೆಂದು ಇನ್ನೊಮ್ಮೆ ಒತ್ತಿದರೆ ಎರಡೂ ಒಟ್ಟಿಗೆ ಬಂದು ಅರ್ಧಾಕ್ಷರಗಳ ರಾಶಿ ಬೀಳುತ್ತದೆ. ಬೆಂಗಳೂರಿನಲ್ಲೇ ಇಷ್ಟೊಂದು ಸಾಫ್ಟ್‌ವೇರ್ ಪರೀಕ್ಷೆ ನಡೆಯುತ್ತಿರುವಾಗ, ಹೊರಬಿಡುವ ಮುನ್ನ ಒಬ್ಬ ಕನ್ನಡಿಗನ ಕೈಗೆ ಆ ಫೋನನ್ನು ಹತ್ತು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಇದೆಲ್ಲ ನನ್ನ ಭ್ರಮೆಯೋ, ಫೋನಿಗೆ ವಯಸ್ಸಾಯಿತೋ ಎಂಬ ಅನುಮಾನ ನನಗೂ ಇತ್ತು. ಪಕ್ಕದಲ್ಲಿ ಔಷಧಿ ಅಂಗಡಿ ನಡೆಸುವ ಗೆಳೆಯ ಅದೇ ತಿಂಗಳು, ಅದೇ ಮಾದರಿಯ ಫೋನನ್ನು ಕೊಂಡಿದ್ದ. ಅವನ ಮನೆಯಲ್ಲಿ ವೈಫೈ ಇಲ್ಲ. ದಿನಕ್ಕೆ ಸಿಗುವ ಒಂದೂವರೆ ಜಿಬಿ ಡೇಟಾದಲ್ಲಿ 3.4 ಜಿಬಿಯ ಅಪ್‌ಡೇಟ್ ಇಳಿಸಲಾರದೆ ಮುಂದೂಡುತ್ತಲೇ ಬಂದಿದ್ದ. ಒಂದು ಮಧ್ಯಾಹ್ನ ಎರಡೂ ಫೋನುಗಳನ್ನು ಅವನ ಕೌಂಟರಿನ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು, ಎರಡನ್ನೂ ಆಫ್ ಮಾಡಿ ಆನ್ ಮಾಡಿ, ಅವನ ಮಗನ ಕೈಗೆ ಸ್ಟಾಪ್‌ವಾಚ್ ಕೊಟ್ಟೆವು. ನಾಲ್ಕು ಪುಟದ ಪಹಣಿ ಅವನ ಫೋನಿನಲ್ಲಿ 2 ಸೆಕೆಂಡಿಗೆ ತೆರೆಯಿತು, ನನ್ನದರಲ್ಲಿ 7ಕ್ಕೆ. ಕ್ಯಾಮೆರಾ ಅಲ್ಲಿ ಒಂದು ಸೆಕೆಂಡು, ಇಲ್ಲಿ ನಾಲ್ಕೂವರೆ. ಯುಪಿಐ ಆ್ಯಪ್ ಅಲ್ಲಿ 3, ಇಲ್ಲಿ 11. ಬೆಳಿಗ್ಗೆ ತುಂಬಿಸಿದ ಬ್ಯಾಟರಿ ಅವನಿಗೆ ರಾತ್ರಿ ಅಂಗಡಿ ಮುಚ್ಚುವವರೆಗೂ ಬರುತ್ತಿತ್ತು, ನನಗೆ ನಾಲ್ಕು ಗಂಟೆಗೇ ಚಾರ್ಜರ್ ಬೇಕಾಗುತ್ತಿತ್ತು. ಅವನ ಫೋನಿನಲ್ಲಿ ಆ್ಯಪ್‌ಗಳು ಕಡಿಮೆ, ನನ್ನದರಲ್ಲಿ 110 ಜಿಬಿ ತುಂಬಿತ್ತು, ತುಂಬಿದ ಸ್ಟೋರೇಜ್ ನಿಧಾನವಾಗುತ್ತದೆ ಎಂಬುದೂ ನಿಜ. ಆದರೆ ಮುಂದೆ 60 ಜಿಬಿಗೆ ಇಳಿಸಿದ ಮೇಲೂ ಅಂತರ ಹೆಚ್ಚೇನೂ ಕಡಿಮೆಯಾಗಲಿಲ್ಲ.

ಸರ್ವಿಸ್ ಸೆಂಟರ್ ಇರುವುದು ತುಮಕೂರಿನಲ್ಲಿ. ಅಂಗಡಿಗೆ ಬೀಗ ಹಾಕಿ, ರೈಲಿನಲ್ಲಿ ಹೋಗಿ, ಟೋಕನ್ ಪಡೆದು ಎರಡು ಗಂಟೆ ಕುಳಿತೆ. ಕೌಂಟರಿನ ಹುಡುಗ ಸಭ್ಯ, ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, “ಡೇಟಾ ಬ್ಯಾಕಪ್ ಇಟ್ಕೊಂಡಿದೀರಾ ಸರ್?” ಎಂದ. ಫೋನನ್ನು ಪೂರ್ತಿ ಅಳಿಸಿ, ಅದೇ ಆಂಡ್ರಾಯ್ಡ್ 15ನ್ನು ಮತ್ತೊಮ್ಮೆ ಹಾಕಿಕೊಟ್ಟರು. ವಾರಂಟಿ ಒಂದು ವರ್ಷದ್ದಾಗಿ ಮುಗಿದುಹೋಗಿದ್ದರಿಂದ ಸಾಫ್ಟ್‌ವೇರ್ ಸರ್ವಿಸ್‌ಗೆ 300 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಸೇರಿ 354 ರೂಪಾಯಿ ಬಿಲ್ ಆಯಿತು. ಕಂಪನಿಯೇ ಕಳಿಸಿದ ಸಾಫ್ಟ್‌ವೇರ್ ಕೆಡಿಸಿದ್ದನ್ನು ಸರಿಪಡಿಸಲು ನಾನೇಕೆ ಹಣ ಕೊಡಬೇಕೆಂದು ಕೇಳಿದ್ದಕ್ಕೆ, ಬಿಲ್ ಕಂಪ್ಯೂಟರೇ ಹಾಕುತ್ತದೆ ಎಂಬ ಉತ್ತರ ಬಂತು. ಹಳೆಯ ಆವೃತ್ತಿಯನ್ನೇ ಹಾಕಿಕೊಡಿ ಎಂದೆ. “ಹಿಂದಕ್ಕೆ ಹೋಗೋಕಾಗಲ್ಲ ಸರ್, ಫೋನೇ ಬಿಡಲ್ಲ” ಎಂದ. ಒಂದೂ ಹೆಚ್ಚಿನ ಆ್ಯಪ್ ಇಲ್ಲದ ಆ ಖಾಲಿ ಫೋನಿನಲ್ಲಿ, ಅಲ್ಲೇ ಅವನೆದುರಿಗೇ ಕ್ಯಾಮೆರಾ ತೆರೆದು ತೋರಿಸಿದೆ. ಮೂರು ಸೆಕೆಂಡು ಮೀರಿತು. ಅವನು ಬಿಲ್ಲಿನ ಮೇಲೆ ‘ಪರಿಶೀಲಿಸಲಾಗಿದೆ, ಸರಿಯಾಗಿದೆ’ ಎಂಬ ಮುದ್ರೆ ಒತ್ತಿದ.

ಫೋನೇ ಬಿಡುವುದಿಲ್ಲ ಎಂದು ಆ ಹುಡುಗ ಹೇಳಿದ್ದು ಸುಳ್ಳಲ್ಲ. ಹಳೆಯ ಸಾಫ್ಟ್‌ವೇರಿನಲ್ಲಿ ಪತ್ತೆಯಾದ ಭದ್ರತಾ ದೋಷಗಳನ್ನು ಬಳಸಿಕೊಂಡು ಕದ್ದ ಫೋನಿನ ಬೀಗ ಒಡೆಯಬಾರದೆಂದು, ಹಿಂದಿನ ಆವೃತ್ತಿಯನ್ನು ಸ್ವೀಕರಿಸದಂತೆ ಫೋನಿನೊಳಗೇ ತಡೆ ಇಟ್ಟಿರುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಬಳಸುವವನಿಗೆ ಇದು ಒಳಗೆ ಬರಬಹುದಾದ, ಹೊರಗೆ ಹೋಗಲಾಗದ ಬಾಗಿಲು. ಹಿಂದಿರುಗಲು ದಾರಿಯಿಲ್ಲವೆಂದ ಮೇಲೆ, ಒಳಗೆ ಕರೆಯುವ ಮುನ್ನ ಅಲ್ಲಿ ಏನಿದೆಯೆಂದು ಹೇಳುವ ಹೊಣೆ ಕರೆದವನದು. ಅಪ್‌ಡೇಟ್‌ನ ವಿವರಣೆಯಲ್ಲಿ ಹೊಸ ವಾಲ್‌ಪೇಪರ್‌ಗಳ ಬಗ್ಗೆ ನಾಲ್ಕು ಸಾಲಿತ್ತು. ಎರಡು ವರ್ಷದ ಹಿಂದಿನ ಪ್ರೊಸೆಸರ್ ಮೇಲೆ ಇದು ಹೇಗೆ ನಡೆಯಬಹುದೆಂಬ ಬಗ್ಗೆ ಒಂದು ಪದವೂ ಇರಲಿಲ್ಲ.

ಈ ಹೊಣೆಯ ಮಾತು ನನ್ನ ತಲೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. 2017ರ ಜನವರಿಯಲ್ಲಿ ಬಂದ ಐಒಎಸ್ 10.2.1 ಎಂಬ ಐಫೋನಿನ ಅಪ್‌ಡೇಟ್ ಮೂಲಕ ಆ್ಯಪಲ್ ಕಂಪನಿ, ಬ್ಯಾಟರಿ ಸವೆದ ಹಳೆಯ ಐಫೋನುಗಳು ಹಠಾತ್ತಾಗಿ ಆಫ್ ಆಗದಿರಲೆಂದು ಅವುಗಳ ವೇಗವನ್ನೇ ತಗ್ಗಿಸಿತು. ಬಳಕೆದಾರರಿಗೆ ಅದನ್ನು ಸ್ಪಷ್ಟವಾಗಿ ಹೇಳಲಿಲ್ಲ. ಹಳೆಯ ಫೋನುಗಳ ವೇಗದ ಅಳತೆಗಳನ್ನು ಹೊರಗಿನವರು ಪ್ರಕಟಿಸಿದ ಮೇಲೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ನನ್ನ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಇಟಲಿಯ ಸ್ಪರ್ಧಾ ಪ್ರಾಧಿಕಾರ 2018ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪು. ಹೊಸ ಫೋನುಗಳಿಗೆ ತಯಾರಾದ ಸಾಫ್ಟ್‌ವೇರನ್ನು, ಅದು ಹಳೆಯ ಫೋನುಗಳಿಗೆ ಭಾರವಾಗುವುದೆಂದು ತಿಳಿಸದೆ, ಹಾಕಿಕೊಳ್ಳುವಂತೆ ಒತ್ತಾಯಿಸಿದ್ದಕ್ಕಾಗಿ ಅದು ಆ್ಯಪಲ್‌ಗೆ (ಬ್ಯಾಟರಿಯ ಬಗ್ಗೆ ಸಾಕಷ್ಟು ಮಾಹಿತಿ ಕೊಡದ್ದಕ್ಕೂ ಸೇರಿ) 1 ಕೋಟಿ ಯೂರೊ, ಸ್ಯಾಮ್ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಸ್ಯಾಮ್ಸಂಗ್‌ನ ಪ್ರಕರಣದಲ್ಲಿ ಗ್ಯಾಲಕ್ಸಿ ನೋಟ್ 4 ಇಟ್ಟುಕೊಂಡವರಿಗೆ ಆಂಡ್ರಾಯ್ಡ್‌ನ ಮಾರ್ಷ್‌ಮ್ಯಾಲೋ ಆವೃತ್ತಿ ಹಾಕಿಸಿದ್ದು, ವಾರಂಟಿ ಮುಗಿದವರಿಂದ ರಿಪೇರಿಗೆ ದೊಡ್ಡ ಮೊತ್ತ ಕೇಳಿದ್ದು ಎರಡೂ ಸೇರಿದ್ದವು. ಅದನ್ನು ಓದಿದಾಗ ನನ್ನ 354 ರೂಪಾಯಿಯ ಬಿಲ್ ಕಣ್ಣೆದುರು ಬಂತು.

ನಮ್ಮಲ್ಲೂ ದಾರಿ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು ತೊಂದರೆ ಉಂಟಾದ ದಿನದಿಂದ ಎರಡು ವರ್ಷ ಅವಕಾಶವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವೂ ಇಲ್ಲ. ಮೊದಲ ಹೆಜ್ಜೆಯಾಗಿ ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಸ್ಟಾಪ್‌ವಾಚ್ ಪರೀಕ್ಷೆಯ ವಿಡಿಯೊ ಮತ್ತು ಬಿಲ್ ಸಮೇತ ದೂರು ದಾಖಲಿಸಿದೆ. ಕಂಪನಿಯಿಂದ ಹನ್ನೆರಡನೇ ದಿನ ಬಂದ ಉತ್ತರದಲ್ಲಿ, ಫೋನು ನಿಗದಿತ ಗುಣಮಟ್ಟಕ್ಕೆ ತಕ್ಕಂತೆ ಕೆಲಸ ಮಾಡುತ್ತಿದೆ ಎಂದಿತ್ತು. ಆ ಗುಣಮಟ್ಟ ಯಾವುದು, ಎಲ್ಲಿ ಬರೆದಿದೆ ಎಂಬ ನನ್ನ ಮರುಪ್ರಶ್ನೆಗೆ ಉತ್ತರ ಬಂದಿಲ್ಲ. ಆರು ವಾರಗಳ ಬಳಿಕ 340 ಎಂಬಿಯ ಇನ್ನೊಂದು ಅಪ್‌ಡೇಟ್ ಬಂತು. ವಿವರಣೆಯಲ್ಲಿ ‘ತಿಳಿದಿರುವ ಕೆಲವು ದೋಷಗಳನ್ನು ಸರಿಪಡಿಸಲಾಗಿದೆ’ ಎಂದಷ್ಟೇ ಇತ್ತು. ಒತ್ತಕ್ಷರಗಳಿಗೆ ಕಾಲು ಮರಳಿ ಬಂತು, ಬ್ಯಾಟರಿ ಸಂಜೆ ಆರರವರೆಗೆ ಎಳೆಯತೊಡಗಿತು. ಪಹಣಿ ತೆರೆಯಲು ಈಗ 5 ಸೆಕೆಂಡು.

ಗೆಳೆಯನ ಫೋನಿನಲ್ಲಿ ಸೆಟ್ಟಿಂಗ್ಸ್‌ನ ಮೇಲೆ, ಅಪ್‌ಡೇಟ್ ಬಾಕಿಯಿದೆ ಎನ್ನುವ ಕೆಂಪು ಚುಕ್ಕೆ ಇನ್ನೂ ಹಾಗೇ ಇದೆ. ಮೂರು ನಾಲ್ಕು ದಿನಕ್ಕೊಮ್ಮೆ ಬಾಗಿಲಲ್ಲಿ ತಲೆ ಹಾಕಿ, “ಅಣ್ಣ, ಇವತ್ತಾದ್ರೂ ಒತ್ತಲಾ?” ಎಂದು ಕೇಳುತ್ತಾನೆ. ಇಷ್ಟು ದಿನ ಬೇಡವೆನ್ನುತ್ತಿದ್ದೆ. ಆದರೆ ಕಳೆದ ವಾರ ಅವನ ಬ್ಯಾಂಕಿನ ಆ್ಯಪ್, ಫೋನಿನ ಸೆಕ್ಯುರಿಟಿ ಪ್ಯಾಚ್ ತೀರಾ ಹಳೆಯದಾಗಿದೆ, ಹೊಸದನ್ನು ಹಾಕಿಕೊಳ್ಳಿ ಎಂದು ತೋರಿಸಿದೆ. ಫೋನಿನ ಕಂಪನಿಯ ಲೆಕ್ಕದಲ್ಲಿ ಹೊಸ ಪ್ಯಾಚ್ ಬೇಕೆಂದರೆ ಹೊಸ ಆವೃತ್ತಿಯೂ ಬರಲೇಬೇಕು, ಎರಡನ್ನೂ ಬಿಡಿಸಿ ಕೊಡುವುದಿಲ್ಲ. ಔಷಧಿ ಅಂಗಡಿಯ ದಿನದ ಹಣವೆಲ್ಲ ಆ ಫೋನಿನ ಮೂಲಕವೇ ಓಡಾಡುವುದರಿಂದ ನನಗೂ ಈಗ ಬೇಡವೆನ್ನಲು ಧೈರ್ಯ ಸಾಲದು. ಭಾನುವಾರ ನಮ್ಮ ಮನೆಯ ವೈಫೈಗೆ ಬರಲು ಹೇಳಿದ್ದೇನೆ. ಬರುವಾಗ ಮಗನನ್ನೂ ಕರೆದುಕೊಂಡು ಬಾ, ಒತ್ತುವ ಮುನ್ನ ಇನ್ನೊಮ್ಮೆ ಸ್ಟಾಪ್‌ವಾಚ್ ಹಿಡಿದು ಎಲ್ಲವನ್ನೂ ಬರೆದಿಟ್ಟುಕೊಳ್ಳೋಣ ಎಂದಿದ್ದೇನೆ.