ಕಲ್ಲಿನ ಮನೆಯ ವೈಫೈ: ರಿಪೀಟರ್, ಮೆಶ್, ಇಲ್ಲಾ ಸೀದಾ ವೈರು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈರಿಗೆ. ಸಾವಿರ ರೂಪಾಯಿ ಆಸುಪಾಸಿನ ಖರ್ಚು, ತಿಜೋರಿಯ ಮೇಲೆ ಧೂಳು ತಿನ್ನುತ್ತಿದ್ದ ಹಳೇ ರೌಟರ್ ಒಂದು, ಇಷ್ಟರಲ್ಲೇ ಕೆಲಸ ಮುಗಿಯಿತು. ಅದಕ್ಕೂ ಮುಂಚೆ ಕೊಂಡ ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಕೊಟ್ಟ ಕಾಟ, ಎರವಲು ತಂದ ಮೆಶ್‌ನ (ಒಂದೇ ವೈಫೈ ಆಗಿ ಕೂಡಿ ಕೆಲಸ ಮಾಡುವ ಪೆಟ್ಟಿಗೆಗಳ ಜೋಡಿ) ಕಥೆ ಎಲ್ಲಾ ಬರೆಯುತ್ತಿರುವುದು ನಮ್ಮಂಥದ್ದೇ ಮನೆ ಇರುವವರಿಗಾಗಿ.

ನಮ್ಮಂಥ ಮನೆ ಅಂದರೆ ಗುಳೇದಗುಡ್ಡದ ಹಳೇ ಕಲ್ಲಿನ ಮನೆ. ಗೋಡೆ ಒಂದೂವರೆ ಮೊಳ ದಪ್ಪ. ಬೀದಿ ಕಡೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಮಗ್ಗದ ಕೋಣೆ. ಫೈಬರ್ ಬಂದು ನಿಂತಿರುವುದು ಪಡಸಾಲೆಯಲ್ಲಿ, ನೆಟ್ ಬೇಕಿರುವುದು ಮಗ್ಗದ ಕೋಣೆಯಲ್ಲಿ. ತಮ್ಮ ಅಲ್ಲಿಂದಲೇ ಪುಣೆ, ಬೆಳಗಾವಿಯ ಗಿರಾಕಿಗಳಿಗೆ ವಿಡಿಯೋ ಕಾಲಿನಲ್ಲಿ ಖಣ (ಕುಪ್ಪಸದ ಬಟ್ಟೆ) ತೋರಿಸುತ್ತಾನೆ. ಫೋಟೋದ ಬಣ್ಣವನ್ನು ಯಾರೂ ನಂಬುವುದಿಲ್ಲ. ಕಿಟಕಿ ಬೆಳಕಿಗೆ ಹಿಡಿ, ಅಂಚು ತಿರುವಿ ತೋರಿಸು ಅನ್ನುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಚಿತ್ರ ನಿಂತುಬಿಡುತ್ತಿತ್ತು.

ಏನನ್ನಾದರೂ ಕೊಳ್ಳುವ ಮೊದಲು ತಪ್ಪು ಲೈನಿನದೋ ವೈಫೈನದೋ ಅಂತ ನೋಡಿಕೊಳ್ಳಿ, ಬಿಟ್ಟಿ ಕೆಲಸ. ಫೈಬರ್ ಬಂದು ಸೇರುವ ಪೆಟ್ಟಿಗೆಯ (ಅದೇ ರೌಟರ್) ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ಫೈಬರಿನದೇ ತೊಂದರೆ, ಕಂಪನಿಯವರಿಗೆ ಫೋನ್ ಮಾಡಿ. ಇಲ್ಲದಿದ್ದರೆ ನೆಟ್ ತೊದಲುವ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ರೌಟರಿಗೇ ಪಿಂಗ್ ಮಾಡಿ, ಅಂದರೆ ಸಣ್ಣದೊಂದು ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಹಲವು ಮನೆಗಳಲ್ಲಿ ಅದರ ವಿಳಾಸ 192.168.1.1 ಇರುತ್ತದೆ. ಪಡಸಾಲೆಯಲ್ಲಿ ಎರಡು ಮೂರು ಮಿಲಿಸೆಕೆಂಡಿಗೆ ಬರುತ್ತಿದ್ದ ಉತ್ತರ ಮಗ್ಗದ ಕೋಣೆಯಲ್ಲಿ ಮುನ್ನೂರು ದಾಟುತ್ತಿತ್ತು, ನಡುನಡುವೆ ಬರುತ್ತಲೇ ಇರಲಿಲ್ಲ. ಮನೆಯೊಳಗಿನ ರೌಟರೇ ಕೈಗೆ ಸಿಗದಿದ್ದ ಮೇಲೆ ಹೊರಗಿನ ಲೈನನ್ನು ಬೈದು ಏನು ಬಂತು?

ರಿಪೀಟರ್ ಕೊಂಡದ್ದು 1600 ರೂಪಾಯಿಗೆ. ಪ್ಲಗ್ಗಿಗೆ ಸಿಕ್ಕಿಸು, ಬಟನ್ ಒತ್ತು, ಮುಗಿಯಿತು. ನಡುಮನೆಯಲ್ಲಿ ಇಟ್ಟೆ. ಸಿಗ್ನಲ್ ಪೂರ್ತಿ ಸತ್ತ ಜಾಗದಲ್ಲಿ ಇಟ್ಟರೆ ಅದಕ್ಕೇ ಏನೂ ಕೇಳಿಸುವುದಿಲ್ಲ, ಇನ್ನು ಮುಂದಕ್ಕೆ ಏನು ದಾಟಿಸೀತು? ಅರ್ಧ ಸಿಗ್ನಲ್ ಇರುವ ಕಡೆಯೇ ಇರಬೇಕು. ಮೊದಲ ವಾರ ಖುಷಿಯಾಗಿದ್ದೆವು. ಆಮೇಲೆ ತಮ್ಮನ ಪಲ್ಲವಿ ಶುರುವಾಯಿತು: "ಅಣ್ಣಾ, ಸಿಗ್ನಲ್ ಫುಲ್ ಐತಿ, ನೆಟ್ ಮಾತ್ರ ಬರವಲ್ದು."

ಫೋನಿನಲ್ಲಿ ಕಾಣುವ ಸಿಗ್ನಲ್ ಫೋನಿಗೂ ರಿಪೀಟರಿಗೂ ನಡುವಿನದು, ಅಷ್ಟೇ. ರಿಪೀಟರಿನಿಂದ ಆಚೆ, ಕಲ್ಲುಗೋಡೆ ದಾಟಿ ಪಡಸಾಲೆಯ ತನಕ ಏನು ಪಾಡು ಅನ್ನುವುದನ್ನು ಫೋನು ತೋರಿಸುವುದಿಲ್ಲ. ಸಾಲದ್ದಕ್ಕೆ ಅಗ್ಗದ ರಿಪೀಟರುಗಳು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುತ್ತವೆ. ಒಂದೇ ಕೊಡ ಹಿಡಿದು ಬಾವಿಗೂ ಹಂಡೆಗೂ ಓಡಾಡಿದ ಹಾಗೆ, ಅರ್ಧ ಹೊತ್ತು ದಾರಿಯಲ್ಲೇ ಹೋಗುತ್ತದೆ. ಪಡಸಾಲೆಯಲ್ಲಿ 90 ಎಂಬಿಪಿಎಸ್ ತೋರಿಸುವ ಲೈನು ಮಗ್ಗದ ಕೋಣೆಯಲ್ಲಿ ಇಪ್ಪತ್ತಕ್ಕೆ ಇಳಿಯುತ್ತಿತ್ತು. ವಿಡಿಯೋ ಕಾಲಿಗೆ ಇಪ್ಪತ್ತು ಧಾರಾಳ ಸಾಕು. ವೇಗ ನನಗೆ ತಲೆನೋವಾಗಿರಲೇ ಇಲ್ಲ.

ತಲೆನೋವು ಕರೆಂಟಿನದು. ಕರೆಂಟ್ ಹೋಗಿ ಬಂದಾಗ ರಿಪೀಟರ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ಫೈಬರ್ ಪೆಟ್ಟಿಗೆ ಏಳಲು ಎರಡು ಮೂರು ನಿಮಿಷ ಬೇಕು. ಆ ಹೊತ್ತಿಗೆ ರಿಪೀಟರ್ ಹುಡುಕಿ ಹುಡುಕಿ ಸುಮ್ಮನಾಗಿರುತ್ತದೆ. ಅದರ ಮೇಲೆ ಪೆಟ್ಟಿಗೆಯ ಚಾನೆಲ್ (ವೈಫೈ ಅಲೆ ಓಡಾಡುವ ದಾರಿ) 'ಆಟೋ' ಇದ್ದರೆ ಪ್ರತಿ ಸಲ ಎದ್ದಾಗಲೂ ಬೇರೆ ಚಾನೆಲ್ ಹಿಡಿದರೂ ಹಿಡಿಯಿತು. ಆಮೇಲೆ ಯಾರಾದರೂ ನಡುಮನೆಗೆ ಹೋಗಿ ರಿಪೀಟರ್ ಕಿತ್ತು ಮತ್ತೆ ಚುಚ್ಚಬೇಕು. ನಾನು ಊರಲ್ಲಿ ಇಲ್ಲದಾಗ ಆ ಕೆಲಸ ಅವ್ವನ ಪಾಲಿಗೆ. "ಆ ಹಸರ ದೀಪದ್ದು ತಗದ್ ಹಾಕಬೇಕೇನೋ?" ಅಂತ ಫೋನ್ ಮಾಡುತ್ತಿದ್ದಳು. ಒಮ್ಮೆ ಫ್ರಿಜ್ಜಿನ ಪ್ಲಗ್ಗನ್ನೇ ಕಿತ್ತಿದ್ದಳು. ಚಾನೆಲನ್ನು 6ಕ್ಕೆ ಕಟ್ಟಿಹಾಕಿದ ಮೇಲೆ ಕಾಟ ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ವೈಫೈನ 2.4 ಗಿಗಾಹರ್ಟ್ಸ್ ಅಲೆಯಲ್ಲಿ 1, 6, 11 ಈ ಮೂರು ಒಂದರ ಮೇಲೊಂದು ಬೀಳದ ಚಾನೆಲ್ಲುಗಳು. ಏನೇ ಕೊಂಡರೂ ಇವುಗಳಲ್ಲೇ ಒಂದನ್ನು ಹಾಕಿಡಿ.

ಮೆಶ್ ತಂದದ್ದು ಬಾಗಲಕೋಟೆ ನವನಗರದಲ್ಲಿರುವ ಸೋದರಮಾವನ ಮಗನಿಂದ. ಅವನದು ಇಟ್ಟಿಗೆ ಗೋಡೆಯ ಮಹಡಿ ಮನೆ, ಅಲ್ಲಿ ಮೆಶ್ ಬೆಣ್ಣೆಯಂತೆ ನಡೆಯುತ್ತದೆ. ಮಾತಾಡುತ್ತಾ ಕೆಳಗಿಂದ ಮೇಲೆ ಹೋದರೂ ಕಾಲ್ ಕಡಿಯುವುದಿಲ್ಲ. ನಮ್ಮಲ್ಲಿ ಮಾತ್ರ ಎರಡು ಪೆಟ್ಟಿಗೆಗಳೂ ಅದೇ ಕಲ್ಲುಗೋಡೆಯ ಆಚೆ ಈಚೆ ನಿಂತು ಪರದಾಡಿದವು. ವೈಫೈನ ಇನ್ನೊಂದು ಅಲೆ 5 ಗಿಗಾಹರ್ಟ್ಸ್ ಅಂತೂ ಎರಡನೇ ಗೋಡೆ ದಾಟಲೇ ಇಲ್ಲ. ಎರಡಕ್ಕೂ ನಡುವೆ ಕೇಬಲ್ ಎಳೆದರೆ ಮೆಶ್ ಭೇಷಾಗಿ ನಡೆಯುತ್ತದೆ, ನಿಜ. ಕೇಬಲ್ ಎಳೆಯುವುದೇ ಆದರೆ ಮೇಲೆ ಆರು ಸಾವಿರ ಯಾಕೆ ಸುರಿಯಲಿ?

ಕರೆಂಟ್ ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ನಮಗೆ ಆಗಿಬರುವ ಮಾತೇ ಅಲ್ಲ. ಮಗ್ಗದ ಕೋಣೆಗೆ ಮೀಟರ್ ಬೇರೆ, ಎರಡೂ ಕಡೆಯ ಕರೆಂಟ್ ವೈರು ಒಂದೇ ಅಲ್ಲ.

ಈಗ ವೈರು. ಗೋಡೆಗೆ ಡ್ರಿಲ್ ಹಾಕುವ ಚಿಂತೆಯಲ್ಲಿದ್ದಾಗ ವೈರಿಂಗ್ ಹುಡುಗ ಮೇಲೆ ನೋಡಿ ಹೇಳಿದ: "ಸರ, ಗ್ವಾಡಿಗೆ ಕೈ ಹಚ್ಚೂದ ಬ್ಯಾಡ್ರಿ. ಬೆಳಕಿಂಡಿ ಐತೆಲ್ಲ, ಮ್ಯಾಲಿಂದ ತಗೊಂಡು ಹೋಗೂನು." ಪಡಸಾಲೆಯ ಬೆಳಕಿಂಡಿಯಿಂದ ಮೇಲಕ್ಕೆ, ಮಾಳಿಗೆಯ ಅಂಚು ಹಿಡಿದು ಹಿಂದಕ್ಕೆ, ಮಗ್ಗದ ಕೋಣೆಯ ಕಿಟಕಿಯಿಂದ ಒಳಕ್ಕೆ. 25 ಮೀಟರ್ ಸಾಕಾಯಿತು. ನೂರು ಮೀಟರ್ ತನಕ ಕೇಬಲ್ಲಿಗೆ ಚಿಂತೆಯೇ ಇಲ್ಲ.

ಅಂಗಡಿಯಲ್ಲಿ ಕ್ಯಾಟ್ 6 (ನೆಟ್ ಕೇಬಲ್ಲಿನ ಒಂದು ದರ್ಜೆ) ಕೇಳಿದರೆ ಎರಡು ಥರ ತೋರಿಸುತ್ತಾರೆ. ಅಗ್ಗದ್ದು ಕೈಗೆ ಹಗುರ. ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ, ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಬಾಗಿಸಿದ ಕಡೆ ಮುರಿಯುತ್ತದೆ, ಬೇಡ. ಪೂರ್ತಿ ತಾಮ್ರದ್ದೇ ತಗೊಳ್ಳಿ. ಇನ್ನೊಂದು ಮಾತು, ಮಾಳಿಗೆಯ ಮೇಲೆ ಹಾಯುವ ಕೇಬಲ್ಲು ಕಪ್ಪು ಹೊದಿಕೆಯ ಹೊರಗಿನ ಬಳಕೆಯದೇ ಆಗಿರಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಒಳಗಿನ ಬಳಕೆಯ ತೆಳು ಪ್ಲಾಸ್ಟಿಕ್ ಸಿಬಿರೊಡೆಯುತ್ತದೆ.

ಕೇಬಲ್ಲಿನ ತುದಿಗೆ ಕ್ಲಿಪ್ ಒತ್ತಿದ ಮೇಲೆ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಲಿಂಕ್ 1000 ಎಂಬಿಪಿಎಸ್ ಇರಬೇಕಾದದ್ದು 100 ತೋರಿಸಿತು. ಎಂಟು ಎಳೆಗಳಲ್ಲಿ ನಾಲ್ಕು ಕೂಡಿದರೂ 100 ಬರುತ್ತದೆ, ಸಾವಿರಕ್ಕೆ ಎಂಟೂ ಬೇಕು. ಕ್ಲಿಪ್ಪನ್ನು ಬೆಳಕಿಗೆ ಹಿಡಿದು ನೋಡಿದೆವು. ಕಂದು ಎಳೆಯೊಂದು ತುದಿ ಮುಟ್ಟದೆ ಒಂದು ಅಕ್ಕಿಕಾಳಿನಷ್ಟು ಹಿಂದೆಯೇ ನಿಂತಿತ್ತು. ಹುಡುಗ ಕತ್ತರಿಸಿ ಹೊಸದು ಹಾಕಿದ, ಸರಿಹೋಯಿತು.

ಕೇಬಲ್ಲಿನ ಹಿಂದಿನ ತುದಿಗೆ, ಮಗ್ಗದ ಕೋಣೆಯಲ್ಲಿ, ಆ ಹಳೇ ರೌಟರನ್ನು ಇಟ್ಟರೆ ಅಲ್ಲಿ ವೈಫೈ ಹರಡುವುದು ಅದೇ. ಅದರ ಸೆಟ್ಟಿಂಗಿನಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಅದರ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಬಂದ್ ಮಾಡಿ, ಕೇಬಲ್ಲನ್ನು WAN ಅಂತ ಬರೆದ ತೂತಿಗೆ ಅಲ್ಲ, LAN ತೂತಿಗೆ ಹಾಕಿ. ಡಿಎಚ್‌ಸಿಪಿ ಮರೆತರೆ ಎರಡು ಪೆಟ್ಟಿಗೆಗಳೂ ಫೋನುಗಳಿಗೆ ವಿಳಾಸ ಹಂಚುತ್ತವೆ, ಒಂದು ಫೋನಿಗೆ ನೆಟ್ ಬರುತ್ತದೆ, ಪಕ್ಕದ್ದಕ್ಕೆ ಬರುವುದಿಲ್ಲ. ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇರಲಿ. ಚಾನೆಲ್ ಮುಂದಿನದಕ್ಕೆ 1, ಹಿಂದಿನದಕ್ಕೆ 11. ಪಡಸಾಲೆಯಿಂದ ಹಿಂದಕ್ಕೆ ನಡೆಯುವಾಗ ಕಾಲ್ ಒಂದೆರಡು ಸೆಕೆಂಡು ತಡವರಿಸುತ್ತದೆ, ಅಷ್ಟರ ಮಟ್ಟಿಗೆ ಮೆಶ್ ವಾಸಿ. ಖಣ ತೋರಿಸುವವನು ಮಗ್ಗದ ಮುಂದೆ ಕೂತೇ ತೋರಿಸುತ್ತಾನೆ, ನಮಗೆ ಅದೇನೂ ಲೆಕ್ಕಕ್ಕಿಲ್ಲ. ಕರೆಂಟ್ ಹೋಗಿ ಬಂದರೆ ಎರಡೂ ತಮ್ಮ ಪಾಡಿಗೆ ಎದ್ದು ಕೂಡಿಕೊಳ್ಳುತ್ತವೆ, ಅವ್ವನ ಫೋನ್ ಬರುವುದಿಲ್ಲ.

ಬಾಡಿಗೆ ಮನೆ, ಮಾಲೀಕರು ಮೊಳೆ ಹೊಡೆಯಲೂ ಬಿಡುವುದಿಲ್ಲ ಅನ್ನುವವರು, ಗೋಡೆ ಇಟ್ಟಿಗೆಯದಾದರೆ, ದುಡ್ಡಿದ್ದರೆ ಮೆಶ್ ತಗೊಳ್ಳಿ. ಎರಡು ಸಾವಿರದೊಳಗೇ ಆಗಬೇಕು, ಮನೆಯಲ್ಲಿ ಇನ್ವರ್ಟರ್ ಇದೆ ಅಂದರೆ ರಿಪೀಟರೂ ನಡೆಯುತ್ತದೆ. ನನ್ನದು ಮಾರಾಟಕ್ಕಿದೆ, 800ಕ್ಕೆ ಕೊಡುತ್ತೇನೆ.